ಒಂದು ಓದುಕೋಣೆಗಾಗಿ ಎದ್ದು ನಿಂತ ಊರು

ಕಳೆದ ತಿಂಗಳ ಒಂದು ಜುಮಾದಂದು ಖುತ್ಬಾಕ್ಕೆ ಮುಂಚಿನ ಕನ್ನಡ ಬಯಾನಿನಲ್ಲಿ ನಾವು ಜಮಾಅತಿನವರಿಗೆ ಒಂದು ಪ್ರಶ್ನೆ ಕೇಳಿದೆವು: "ನಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದ ಸದಸ್ಯರಾಗಿರುವವರು ಕೈ ಎತ್ತಿ." ತುಂಬಿದ ಮಸೀದಿಯಲ್ಲಿ ಮೇಲೆ ಹೋದದ್ದು ನಾಲ್ಕು ಕೈ. ನಾಲ್ವರೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗರು. ನಮಾಜ್ ಮುಗಿದ ಮೇಲೆ ಅವರಲ್ಲೊಬ್ಬ ಹತ್ತಿರ ಬಂದು ಮೆಲ್ಲಗೆ, "ಹಜರತ್, ನಿಮ್ಮ ಕೈಯೂ ಎದ್ದದ್ದು ಕಾಣಲಿಲ್ಲ" ಎಂದ.

ಅವನ ಮಾತು ಸರಿಯಾಗಿತ್ತು. ಬಿ.ಎ. ಪರೀಕ್ಷೆಗೆ ಕಟ್ಟಿದ್ದ ವರ್ಷಗಳಲ್ಲಿ ಅದೇ ಗ್ರಂಥಾಲಯದ ಮರದ ಬೆಂಚಿನ ಮೇಲೆ ಕುಳಿತು ನಾವು ಇತಿಹಾಸ ಓದಿದ್ದೆವು. ಪದವಿ ಕೈಗೆ ಬಂದ ಮೇಲೆ ಆ ಕಡೆ ಹಾಯಲೇ ಇಲ್ಲ. ಈಗ ಮಳೆ ಬಂದರೆ ಆ ಓದುಕೋಣೆಯ ಮೂಲೆಯಲ್ಲಿ ಬಕೆಟ್ ಇಡಬೇಕಾಗುತ್ತದೆಯಂತೆ. ಹಳೆಯ ಕಲ್ಲಿನ ಕಟ್ಟಡವನ್ನು ಕೆಡವಿ ಮಳಿಗೆ ಕಟ್ಟುತ್ತಾರೆಂಬ ಮಾತೂ ಊರಲ್ಲಿದೆಯಂತೆ. ಕಟ್ಟಡವನ್ನು ದುರಸ್ತಿ ಮಾಡಿ ಉಳಿಸಿ, ಓದುವ ಸಮಯ ಹೆಚ್ಚಿಸಿ ಎಂದು ಎಲ್ಲ ಸಮುದಾಯಗಳ ಹುಡುಗರು ಸೇರಿ ಒಂದು ಮನವಿ ಬರೆದಿದ್ದಾರೆ. ಅದಕ್ಕೆ ಜಮಾಅತಿನ ಸಹಿ ಬೇಕು ಎಂದು ಆ ಹುಡುಗ ಕೇಳಿದ.

ನಾವು ಕಮಿಟಿಯ ಹಿರಿಯರ ಮುಂದೆ ವಿಷಯ ಇಟ್ಟೆವು. "ಮಸೀದಿಗೂ ಸರಕಾರಿ ಲೈಬ್ರರಿಗೂ ಏನು ಸಂಬಂಧ? ಊರ ಉಸಾಬರಿ ನಮಗೇಕೆ?" ಎಂದು ಒಬ್ಬರು ಕೇಳಿದರು. ಅವರು ಜಮಾಅತಿನ ಹಿತ ಬಯಸುವವರೇ. ಆದ್ದರಿಂದ ಅವರ ಪ್ರಶ್ನೆಗೆ ಸಿಟ್ಟಿನಿಂದಲ್ಲ, ಇತಿಹಾಸದಿಂದ ಉತ್ತರ ಕೊಡಬೇಕೆನಿಸಿತು. ಆ ಉತ್ತರ ಪಾಟ್ನಾ ನಗರದಲ್ಲಿದೆ.

ಬಿಹಾರದ ಪಾಟ್ನಾದಲ್ಲಿ ಗಂಗಾ ನದಿಯ ದಂಡೆಯ ಮೇಲೆ, ಅಶೋಕ್ ರಾಜಪಥ ಎಂಬ ಹಳೆಯ ರಸ್ತೆಗೆ ಮುಖ ಮಾಡಿ ಖುದಾ ಬಖ್ಶ್ ಓರಿಯಂಟಲ್ ಪಬ್ಲಿಕ್ ಲೈಬ್ರರಿ ಇದೆ. ಇದರ ಕಥೆ ಒಬ್ಬ ತಂದೆಯ ಕೊನೆಯ ಮಾತಿನಿಂದ ಆರಂಭವಾಗುತ್ತದೆ. ಮೌಲವಿ ಮುಹಮ್ಮದ್ ಬಖ್ಶ್ ವೃತ್ತಿಯಿಂದ ವಕೀಲರು. ದುಡಿದದ್ದರಲ್ಲಿ ಉಳಿಸಿ ಅರಬಿ, ಪಾರ್ಸಿ ಹಸ್ತಪ್ರತಿಗಳನ್ನು ಕೊಳ್ಳುತ್ತಿದ್ದರು. 1876ರಲ್ಲಿ ಅವರು ತೀರಿಕೊಂಡಾಗ ಮಗ ಖುದಾ ಬಖ್ಶ್‌ಗೆ ಬಂದದ್ದು ಸುಮಾರು 1,400 ಹಸ್ತಪ್ರತಿಗಳು ಮತ್ತು ಒಂದು ವಸಿಯ್ಯತ್. ಈ ಸಂಗ್ರಹವನ್ನು ಬೆಳೆಸಿ, ಸಾರ್ವಜನಿಕರಿಗಾಗಿ ಒಂದು ಗ್ರಂಥಾಲಯ ಕಟ್ಟಬೇಕು ಎಂಬುದೇ ಆ ವಸಿಯ್ಯತ್.

ಖುದಾ ಬಖ್ಶ್ ಅವರೂ ವಕೀಲರಾದರು. ತಂದೆಯ ಮಾತನ್ನು ನಡೆಸಲು ಅವರು ಪಟ್ಟ ಪಾಡು ಕೇಳಿದರೆ ಆಶ್ಚರ್ಯವಾಗುತ್ತದೆ. ಮುಹಮ್ಮದ್ ಮಕ್ಕಿ ಎಂಬ ಅರಬರೊಬ್ಬರಿಗೆ ತಿಂಗಳಿಗೆ 50 ರೂಪಾಯಿ ಸಂಬಳ ಕೊಟ್ಟು, 18 ವರ್ಷಗಳ ಕಾಲ ಕೈರೋ, ಡಮಾಸ್ಕಸ್, ಬೈರೂತ್ ಮುಂತಾದ ಕಡೆಗಳಲ್ಲಿ ಕಿತಾಬುಗಳನ್ನು ಹುಡುಕಿಸಿದರು. ಹಸ್ತಪ್ರತಿ ಹಿಡಿದುಕೊಂಡು ಯಾರಾದರೂ ತಮ್ಮ ಮನೆಗೆ ಬಂದರೆ, ಕೊಂಡರೂ ಕೊಳ್ಳದಿದ್ದರೂ ಅವರಿಗೆ ರೈಲಿನ ದರದ ಎರಡರಷ್ಟು ಹಣ ಕೊಟ್ಟು ಕಳಿಸುತ್ತಿದ್ದರಂತೆ. 80 ಸಾವಿರ ರೂಪಾಯಿ ಖರ್ಚು ಮಾಡಿ ಎರಡು ಅಂತಸ್ತಿನ ಕಟ್ಟಡ ಕಟ್ಟಿಸಿದರು. 1891ರ ಅಕ್ಟೋಬರ್‌ನಲ್ಲಿ ಸುಮಾರು 4,000 ಹಸ್ತಪ್ರತಿಗಳೊಂದಿಗೆ ಗ್ರಂಥಾಲಯವನ್ನು ಸಾರ್ವಜನಿಕರಿಗೆ ಒಪ್ಪಿಸಿದರು. ಬ್ರಿಟಿಷ್ ಮ್ಯೂಸಿಯಂ ದೊಡ್ಡ ಮೊತ್ತ ಕೊಟ್ಟು ಕೊಳ್ಳಲು ಮುಂದೆ ಬಂದಾಗ ಅವರು ಒಪ್ಪಲಿಲ್ಲವೆಂದು ಅವರನ್ನು ಬಲ್ಲವರು ಬರೆದಿಟ್ಟಿದ್ದಾರೆ. ತಂದೆಯೂ ತಾನೂ ಬದುಕನ್ನೇ ತೆತ್ತು ಕೂಡಿಸಿದ್ದು ಪಾಟ್ನಾದ ಜನರಿಗಾಗಿ ಎಂಬುದು ಅವರ ನಿಲುವಾಗಿತ್ತು.

ಇವರಿಗೆ ನಮ್ಮ ನಾಡಿನ ನಂಟೂ ಸ್ವಲ್ಪ ಇದೆ. 1895ರ ನಂತರ ಸುಮಾರು ಮೂರು ವರ್ಷ ಅವರು ಹೈದರಾಬಾದಿನಲ್ಲಿ ನಿಜಾಮರ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದರು. ಬೀದರ್, ಕಲಬುರಗಿ, ರಾಯಚೂರು ಆಗ ಆ ಸಂಸ್ಥಾನಕ್ಕೇ ಸೇರಿದ್ದವು. 1908ರಲ್ಲಿ ತೀರಿಕೊಂಡಾಗ ಅವರಲ್ಲಿ ಹಣ ಉಳಿದಿರಲಿಲ್ಲ. ಅವರ ಕಬರ್ ಇಂದಿಗೂ ಗ್ರಂಥಾಲಯದ ಆವರಣದಲ್ಲಿಯೇ ಇದೆ.

ಇಂದು ಅಲ್ಲಿ 21 ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳಿವೆ. ಅಕ್ಬರನ ಕಾಲದಲ್ಲಿ ಬರೆದು ಚಿತ್ರಿಸಲಾದ 'ತಾರೀಖೆ ಖಾನ್ದಾನೆ ತೈಮೂರಿಯಾ' ಎಂಬ ಕೃತಿಯ ಪ್ರತಿ ಇಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 2011ರಲ್ಲಿ ಯುನೆಸ್ಕೋ ಅದನ್ನು ತನ್ನ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. 1969ರಲ್ಲಿ ಸಂಸತ್ತು ಕಾನೂನು ಮಾಡಿ ಇದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಘೋಷಿಸಿತು.

ಆದರೆ ಈ ಗ್ರಂಥಾಲಯ ಬರೀ ವಿದ್ವಾಂಸರದ್ದಲ್ಲ. ವೈಸ್‌ರಾಯ್ ಕರ್ಜನ್ 1903ರಲ್ಲಿ ಇಲ್ಲಿಗೆ ಬಂದು ಹೋದ ಬಳಿಕ, 1905ರಲ್ಲಿ ಅವರ ಹೆಸರಿನಲ್ಲಿ ಒಂದು ಓದುಕೋಣೆ ಕಟ್ಟಲಾಯಿತು. ಅಲ್ಲಿ ದಿನಪತ್ರಿಕೆ ಓದಲು ಬರುವ ಮುದುಕರಿದ್ದಾರೆ. ಬಾಡಿಗೆ ಕೋಣೆಯಲ್ಲಿ ನಾಲ್ಕೈದು ಜನ ತುಂಬಿಕೊಂಡು, ಓದಲು ಜಾಗವಿಲ್ಲದೆ ಇಲ್ಲಿಗೆ ಬಂದು ನೌಕರಿಯ ಪರೀಕ್ಷೆಗೆ ತಯಾರಾಗುವ ಬಡ ಹುಡುಗರಿದ್ದಾರೆ. ಒಳಗೆ ಬರುವವರ ಜಾತಿ, ಧರ್ಮ ಯಾರೂ ಕೇಳುವುದಿಲ್ಲ.

2021ರಲ್ಲಿ ಈ ಓದುಕೋಣೆಗೇ ಕುತ್ತು ಬಂತು. ಅಶೋಕ್ ರಾಜಪಥದ ವಾಹನ ದಟ್ಟಣೆ ತಗ್ಗಿಸಲು ಕಾರ್ಗಿಲ್ ಚೌಕದಿಂದ ಎನ್ಐಟಿವರೆಗೆ ಮೇಲ್ಸೇತುವೆ ಕಟ್ಟುವ ಯೋಜನೆ ಬಂತು. ಅದಕ್ಕಾಗಿ ಕರ್ಜನ್ ಓದುಕೋಣೆಯ ಭಾಗವನ್ನೂ ಮುಂದಿನ ತೋಟವನ್ನೂ ಬಿಟ್ಟುಕೊಡಬೇಕಿತ್ತು. ಸರಕಾರದ ಕಾರಣ ಸುಳ್ಳಾಗಿರಲಿಲ್ಲ. ಅದೇ ರಸ್ತೆಯಲ್ಲಿ ದೊಡ್ಡ ಸರಕಾರಿ ಆಸ್ಪತ್ರೆಯಿದೆ, ಕಾಲೇಜುಗಳಿವೆ, ದಟ್ಟಣೆಯಲ್ಲಿ ಸಿಕ್ಕಿಕೊಳ್ಳುವ ರೋಗಿಗಳಿದ್ದಾರೆ.

ಇಲ್ಲಿ ಪಾಟ್ನಾದ ಜನ ನಡೆದುಕೊಂಡ ರೀತಿಯನ್ನು ನಾವು ಗಮನಿಸಬೇಕು. ಅವರು ರಸ್ತೆ ಬೇಡವೆನ್ನಲಿಲ್ಲ. ಸೇತುವೆಯ ಜಾಡು ಬದಲಿಸಿ, ಓದುಕೋಣೆ ಉಳಿಸಿ ಎಂದರು. ಗ್ರಂಥಾಲಯದ ನಿರ್ದೇಶಕಿ ಲಿಖಿತವಾಗಿ ಆಕ್ಷೇಪಿಸಿದರು. ಹಳೆಯ ಕಟ್ಟಡಗಳ ರಕ್ಷಣೆಗಾಗಿ ದುಡಿಯುವ ಇಂಟ್ಯಾಕ್ ಸಂಸ್ಥೆ ಮನವಿ ಸಲ್ಲಿಸಿತು. ಪ್ರಾಧ್ಯಾಪಕರು, ಬರಹಗಾರರು, ವಿದ್ಯಾರ್ಥಿಗಳು ಸಹಿ ಸಂಗ್ರಹಿಸಿದರು. ನಿವೃತ್ತ ಐಪಿಎಸ್ ಅಧಿಕಾರಿ ಅಮಿತಾಭ್ ಕುಮಾರ್ ದಾಸ್ ತಮಗೆ ಸಂದಿದ್ದ ಪೊಲೀಸ್ ಪದಕವನ್ನು ಪ್ರತಿಭಟನೆಯಾಗಿ ಹಿಂದಿರುಗಿಸುವುದಾಗಿ ರಾಷ್ಟ್ರಪತಿಯವರಿಗೆ ಪತ್ರ ಬರೆದರು. ವಿಧಾನಮಂಡಲದ ಸಮಿತಿಯೊಂದು ಬಂದು ನೋಡಿ, ಕೆಡವುವುದು ಬೇಡ ಎಂಬ ಅಭಿಪ್ರಾಯ ಕೊಟ್ಟಿತು. ಕೊನೆಗೆ ಯೋಜನೆ ಬದಲಾಯಿತು. ಇಂದು ಅಶೋಕ್ ರಾಜಪಥದಲ್ಲಿ ಮೇಲ್ಸೇತುವೆಯೂ ಇದೆ, ಓದುಕೋಣೆಯೂ ಇದೆ.

ಎಲ್ಲ ಹೋರಾಟವೂ ಹೀಗೆ ಗೆಲ್ಲುತ್ತದೆಂದು ಹೇಳಿದರೆ ನಾವು ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಅದೇ ಪಾಟ್ನಾದಲ್ಲಿ, ಅದೇ ಗಂಗೆಯ ದಂಡೆಯಲ್ಲಿ ಹಳೆಯ ಕಲೆಕ್ಟರೇಟ್ ಇತ್ತು. ಅದರ ಕೆಲವು ಭಾಗಗಳು ಡಚ್ಚರ ಕಾಲದವು. 'ಗಾಂಧಿ' ಚಲನಚಿತ್ರದ ಕೆಲವು ದೃಶ್ಯಗಳನ್ನು ಅಲ್ಲಿಯೇ ಚಿತ್ರೀಕರಿಸಲಾಗಿತ್ತು. ಅದನ್ನು ಉಳಿಸಲು ನಾಗರಿಕರು ವರ್ಷಗಟ್ಟಲೆ ಓಡಾಡಿದರು, ಸುಪ್ರೀಂ ಕೋರ್ಟಿನವರೆಗೆ ಹೋದರು. 2020ರಲ್ಲಿ ಸಿಕ್ಕಿದ್ದ ತಡೆಯಾಜ್ಞೆ 2022ರ ಮೇ ತಿಂಗಳಲ್ಲಿ ತೆರವಾಯಿತು, ಕೂಡಲೇ ಕೆಡವುವ ಕೆಲಸ ಶುರುವಾಯಿತು. ಪ್ರಯತ್ನ ನಮ್ಮ ಕೈಯಲ್ಲಿದೆ, ಫಲ ಅಲ್ಲಾಹನ ಕೈಯಲ್ಲಿದೆ. ಸೋಲಬಹುದೆಂದು ಪ್ರಯತ್ನವನ್ನೇ ಬಿಟ್ಟಿದ್ದರೆ ಓದುಕೋಣೆಯೂ ಉಳಿಯುತ್ತಿರಲಿಲ್ಲ.

ಈಗ ನಮ್ಮ ನಾಡಿನ ಕಡೆಗೆ ತಿರುಗಿ ನೋಡೋಣ. ಬಹಮನಿ ರಾಜ್ಯದ ವಜೀರ್ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದ್ರಸಾದಲ್ಲಿ 3,000 ಹಸ್ತಪ್ರತಿಗಳ ಗ್ರಂಥಾಲಯವಿತ್ತು ಎನ್ನುತ್ತಾರೆ. ಸುಳ್ಳು ಆಪಾದನೆಯ ಮೇಲೆ 1481ರಲ್ಲಿ ಅವರ ತಲೆ ಕಡಿಸಲಾಯಿತು. ಮುಂದೆ ಮದ್ರಸಾದ ಒಂದು ಭಾಗ ಸೈನಿಕರ ಬಿಡಾರವಾಯಿತು, ಮದ್ದಿನ ಕೋಠಿಯೂ ಆಯಿತು. 1696ರಲ್ಲಿ ಆ ಮದ್ದು ಸಿಡಿದು ಕಟ್ಟಡದ ದೊಡ್ಡ ಭಾಗ ಕುಸಿಯಿತು. ಇಂದು ಬೀದರಿಗೆ ಹೋದವರು ಮದ್ರಸಾದ ಗೋಡೆಯನ್ನೂ ಉಳಿದಿರುವ ಒಂದು ಮಿನಾರನ್ನೂ ನೋಡಿ ಬರುತ್ತಾರೆ. ಅಲ್ಲಿ ಓದಲು ಒಂದು ಪುಟವೂ ಇಲ್ಲ.

ವಿಜಯಪುರದ ಕಥೆಯೂ ಬೇರೆಯಲ್ಲ. ಆದಿಲ್‌ಶಾಹಿ ಸುಲ್ತಾನರ ಗ್ರಂಥಗಳಲ್ಲಿ ಅಸರ್ ಮಹಲಿನಲ್ಲಿ ಉಳಿದಿದ್ದ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿನ ಪಾಲಾದವು. ನಮ್ಮ ಜಿಲ್ಲೆಗಳಲ್ಲಿ ಬರೆದ, ಓದಿದ ಕಿತಾಬುಗಳನ್ನು ನೋಡಬೇಕೆಂದರೆ ಇಂದು ಸಮುದ್ರ ದಾಟಬೇಕು.

ಪಾಟ್ನಾದಲ್ಲಿ ಉಳಿದದ್ದು ಇಲ್ಲಿ ಏಕೆ ಉಳಿಯಲಿಲ್ಲ? ಕಾಲ ಬೇರೆ, ಯುದ್ಧಗಳು ಬೇರೆ, ಇದು ನಿಜ. ಆದರೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಆಸ್ಥಾನದ ನೆರಳಿನಲ್ಲಿದ್ದ ಕಿತಾಬುಗಳು ಆಸ್ಥಾನದ ಜೊತೆಗೆ ಹೋದವು. ಅವು ಹೋದಾಗ 'ಇದು ನಮ್ಮದು' ಎಂದು ಅಡ್ಡ ನಿಲ್ಲುವ ಹಕ್ಕು ಊರಿನ ಜನರಿಗೆ ಇರಲಿಲ್ಲ. ಖುದಾ ಬಖ್ಶ್ ತಮ್ಮದನ್ನು ಜನರದ್ದಾಗಿ ಮಾಡಿದರು. 130 ವರ್ಷಗಳ ಮೇಲೆ ಸೇತುವೆಯ ನಕಾಶೆ ಬಂದಾಗ ಜನ ಅದನ್ನು ತಮ್ಮದೆಂದೇ ಕಾಪಾಡಿದರು.

ಇದನ್ನು ನಮ್ಮ ದೀನು ಸದಕಾ ಜಾರಿಯಾ ಎಂದು ಕರೆಯುತ್ತದೆ. ಸತ್ತ ಮೇಲೂ ಪುಣ್ಯ ನಿಲ್ಲದ ದಾನಗಳನ್ನು ಎಣಿಸುವಾಗ ಪ್ರವಾದಿ(ಸ)ಯವರು ಜನರಿಗೆ ಉಪಯೋಗವಾಗುವ ಜ್ಞಾನವನ್ನೂ ಸೇರಿಸಿದ್ದಾರೆ. ಹಿರಾ ಗುಹೆಯಲ್ಲಿ ಇಳಿದ ಮೊದಲ ಆಜ್ಞೆಯೇ ಓದಬೇಕೆಂಬುದು. ನಾವು ಇದನ್ನು ಪ್ರತಿ ವರ್ಷ ಮಿಂಬರ್ ಮೇಲಿಂದ ಹೇಳುತ್ತೇವೆ. ಹೇಳಿ ಕೆಳಗಿಳಿದ ಮೇಲೆ ನಮ್ಮ ಮಸೀದಿಯ ಕಿತಾಬಿನ ಕಪಾಟಿನ ಬೀಗದ ಕೈ ಎಲ್ಲಿದೆ ಎಂದು ಕೇಳಿದರೆ ನಮಗೇ ಗೊತ್ತಿರಲಿಲ್ಲ. ಹೋದ ವಾರ ಬೀಗ ಒಡೆದು ತೆಗೆದೆವು. ಕೆಳಗಿನ ಎರಡು ಸಾಲನ್ನು ಗೆದ್ದಲು ತಿಂದಿತ್ತು. ಹಿರಿಯರೊಬ್ಬರು ವಕ್ಫ್ ಎಂದು ಕೈಯಾರೆ ಬರೆದುಕೊಟ್ಟಿದ್ದ ಕಿತಾಬಿನಲ್ಲಿ ಅವರ ಸಹಿ ಮಾತ್ರ ಉಳಿದಿತ್ತು. ಇದಕ್ಕೆ ಸರಕಾರವನ್ನು ದೂರುವಂತಿಲ್ಲ. ಕಾವಲು ನಮ್ಮದಾಗಿತ್ತು.

ಆದ್ದರಿಂದ ಹಿರಿಯರ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವಿದೆ. ಈಗ ಅದು ರೂಪಾಯಿಗೆ ಆರು ಪೈಸೆ. ಮನೆಯ ತೆರಿಗೆ ರಸೀದಿ ತೆಗೆದು ನೋಡಿ, ಆ ಸಾಲು ಅಲ್ಲಿರುತ್ತದೆ. ಹಣ ಕೊಡುವವರು ನಾವು, ಅಲ್ಲಿ ಓದುವವರು ನಮ್ಮ ಮಕ್ಕಳು. ಹಾಗಿದ್ದ ಮೇಲೆ ಆ ಗ್ರಂಥಾಲಯ ಪರರದ್ದು ಹೇಗಾಗುತ್ತದೆ? ಸಂಗ್ರಹವಾದ ಕರ ಎಷ್ಟು, ಅದರಲ್ಲಿ ಗ್ರಂಥಾಲಯಕ್ಕೆ ತಲುಪಿದ್ದೆಷ್ಟು ಎಂದು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ ಕೇಳಬಹುದು. ಹೊಸ ಮಳಿಗೆ ಬೇಡವೆನ್ನಬೇಕಿಲ್ಲ. ಪಾಟ್ನಾದವರಂತೆ, ಬೇರೆ ಜಾಗ ತೋರಿಸಿ ಇದನ್ನು ಉಳಿಸಿ ಎನ್ನಬಹುದು. ಆದರೆ ಸಹಿ ಹಾಕುವವನು ಆ ಬಾಗಿಲು ದಾಟಿದವನಾಗಿರಬೇಕು. ಯಾರೂ ಬಾರದ ಗ್ರಂಥಾಲಯವನ್ನು ಮುಚ್ಚುವುದು ಬಹಳ ಸುಲಭ.

ಹೋದ ಸೋಮವಾರ ನಾವು ಅಲ್ಲಿಗೆ ಹೋಗಿ ಸದಸ್ಯತ್ವದ ಅರ್ಜಿ ತುಂಬಿದೆವು. ಓದುಕೋಣೆಯಲ್ಲಿ ಬಕೆಟ್ ಇತ್ತು. ಅದರ ಪಕ್ಕದಲ್ಲೇ ಕುರ್ಚಿ ಸರಿಸಿಕೊಂಡು ಆ ಹುಡುಗ ಓದುತ್ತಿದ್ದ. ಮುಂದಿನ ಜುಮಾದಂದು ಮನವಿಯ ಹಾಳೆ ಮಸೀದಿಯ ಹೊರ ಬಾಗಿಲ ಬಳಿಯ ಮೇಜಿನ ಮೇಲಿರುತ್ತದೆ, ಜೊತೆಗೆ ಸದಸ್ಯತ್ವದ ಅರ್ಜಿಗಳೂ ಇರುತ್ತವೆ. ಮೊದಲು ಅರ್ಜಿ ತುಂಬಿ, ಆಮೇಲೆ ಸಹಿ ಹಾಕಿ. ಸಹೋದರಿಯರಿಗಾಗಿ ಹಾಳೆಗಳನ್ನು ಮನೆಗೇ ಕಳಿಸುವ ವ್ಯವಸ್ಥೆ ಮಾಡಿದ್ದೇವೆ. ಪ್ರಶ್ನೆ ಕೇಳಿದ ಹಿರಿಯರಿಗೆ ಮೊದಲ ಸಾಲನ್ನು ಖಾಲಿ ಬಿಟ್ಟಿದ್ದೇವೆ.

ನಮಗೆ ಒಪ್ಪಿಸಲಾದ ಅಮಾನತ್ತನ್ನು ಕಾಪಾಡುವ ತೌಫೀಕನ್ನು ಅಲ್ಲಾಹನು ನಮ್ಮೆಲ್ಲರಿಗೂ ನೀಡಲಿ. ಆಮೀನ್.