ಯಾವ ಊರಿನ ನೀರು, ಎಷ್ಟು ವರ್ಷದಿಂದ

ನಮ್ಮ ಪಂಚಾಂಗಗಳಲ್ಲಿ, ಹಲ್ಲಿ ಬಿದ್ದ ಫಲದ ಆಸುಪಾಸಿನಲ್ಲಿ, ಅಂಗಸ್ಫುರಣ ಫಲವೆಂಬ ಪಟ್ಟಿಯೊಂದು ಇರುವುದುಂಟು. ಗಂಡಸಿಗೆ ಬಲಗಣ್ಣು ಅದುರಿದರೆ ಶುಭ, ಹೆಂಗಸಿಗೆ ಎಡಗಣ್ಣು. ತೋಳು, ತೊಡೆ, ತುಟಿ ಎಲ್ಲಕ್ಕೂ ಅಲ್ಲಿ ಒಂದೊಂದು ಫಲ ನಿಗದಿಯಾಗಿದೆ. ಅದುರುವಿಕೆಯೆಂಬುದು ಕ್ಷಣಮಾತ್ರದ್ದು ಎಂಬ ನಂಬಿಕೆ ಆ ಪಟ್ಟಿಯ ಹಿಂದಿದೆ. ತಿಂಗಳುಗಟ್ಟಲೆ ಹಗಲೂ ಇರುಳೂ ಚರ್ಮದಡಿ ಹುಳು ಹರಿದಂತೆ ಅದುರುವ ಮೀನಖಂಡಕ್ಕೆ ಅದರಲ್ಲಿ ಫಲವಿಲ್ಲ.

ಅಂಥ ಮೀನಖಂಡವನ್ನು ಹೊತ್ತು ಹೈದರಾಬಾದಿನ ಆಸ್ಪತ್ರೆಯೊಂದರ ನರರೋಗ ವಿಭಾಗದಲ್ಲಿ ಕುಳಿತಿದ್ದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ ನನಗೆ ವಿಚಿತ್ರವೆನಿಸಿತ್ತು. ಕಾಲಿನಲ್ಲಿ ಬಲ ಕುಂದಿದೆ, ಮೆಟ್ಟಿಲು ಹತ್ತುವುದು ಕಷ್ಟವಾಗಿದೆ ಎಂದು ನಾನು ಹೇಳುತ್ತಿದ್ದರೆ ಅವರು, "ಯಾವ ಊರು? ಬಾವಿಯ ನೀರೋ, ಕಾಲುವೆಯ ನೀರೋ?" ಎಂದರು. ಲಿಂಗಸುಗೂರಿನ ಕಡೆ, ಬೋರ್‌ವೆಲ್ ಎಂದೆ. "ಎಷ್ಟು ವರ್ಷ ಕುಡಿದಿರಿ?" ಎಂಬುದು ಎರಡನೆಯ ಪ್ರಶ್ನೆ. ನರ ತೋರಿಸಲು ಬಂದವನಿಗೆ ನೀರಿನ ವಿಚಾರಣೆಯೇಕೆ ಎಂದು ಒಳಗೊಳಗೇ ಸಿಡುಕಿದೆ. ಆ ಪ್ರಶ್ನೆಗಳಿಗೆ ಈ ಸೀಮೆಯಲ್ಲಿ ಎಂಬತ್ತು ವರ್ಷಗಳ ಇತಿಹಾಸವಿದೆಯೆಂಬುದು ತಿಳಿದದ್ದು ಆಮೇಲೆ.

ಆ ಕತೆ ಮನುಷ್ಯರಿಂದಲ್ಲ, ಎತ್ತುಗಳಿಂದ ಆರಂಭವಾಗುತ್ತದೆ. 1930ರ ದಶಕದಲ್ಲಿ ಇಂದಿನ ಪ್ರಕಾಶಂ ಜಿಲ್ಲೆಯ ಸೀಮೆಯ ರೈತರು ತಮ್ಮ ಎತ್ತುಗಳ ಕೀಲು ಬಿಗಿದು ಅವು ನಡೆಯಲಾರದೆ ಹೋಗುವುದನ್ನು ಗಮನಿಸಿದ್ದರು. 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯ ಮನುಷ್ಯರಲ್ಲಿಯೂ ಇದನ್ನು ಕಂಡು, ಬಾವಿಯ ನೀರಿನ ಫ್ಲೋರೈಡ್ ಇದಕ್ಕೆ ಕಾರಣವೆಂದು ವರದಿ ಮಾಡಿದರು. ನಿಜಾಮನ ಸೀಮೆಯೂ ಅದೇ ಬಂಡೆಗಲ್ಲಿನ ನೆಲ. 1945ರಲ್ಲಿ ದಾವರ್ ಎಂಬ ವೈದ್ಯರು ನಲ್ಗೊಂಡ ಜಿಲ್ಲೆಯ ಕುಡಿಯುವ ನೀರಿನ ರಾಸಾಯನಿಕ ಗುಣಕ್ಕೂ ಅಲ್ಲಿಯ ರೋಗಕ್ಕೂ ಇರುವ ನಂಟನ್ನು ಬರೆದರು. ಹತ್ತು ವರ್ಷಗಳ ಮೇಲೆ, 1955ರಲ್ಲಿ, ಎ. ಎಚ್. ಸಿದ್ದಿಕಿ ಅವರ ನಲ್ಗೊಂಡದ ಲೇಖನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು.

ಹಲ್ಲಿನ ಕಂದು ಕಲೆ ಎಲ್ಲರಿಗೂ ಗೊತ್ತು. ಅದಕ್ಕಿಂತ ಭೀಕರವಾದದ್ದು ಬೆನ್ನುಹುರಿಯ ಕತೆ. ದಶಕಗಳ ಕಾಲ ಒಳಸೇರಿದ ಫ್ಲೋರೈಡ್ ಮೂಳೆಯನ್ನು ದಪ್ಪವಾಗಿಸುತ್ತದೆ, ಮೂಳೆ ಮೂಳೆಗಳನ್ನು ಬಿಗಿಯುವ ಕಟ್ಟುಗಳನ್ನೂ ಸುಣ್ಣಗಟ್ಟಿಸುತ್ತದೆ. ಬೆನ್ನೆಲುಬಿನ ಒಳಗಿನ ಕಾಲುವೆ ಕಿರಿದಾಗುತ್ತ ಬಂದು ಹುರಿಯೂ ಅದರಿಂದ ಹೊರಡುವ ನರಮೂಲಗಳೂ ಅದುಮಲ್ಪಡುತ್ತವೆ. ಕೈಯ ಸ್ನಾಯು ಸೊರಗುತ್ತದೆ, ಕಾಲು ಮರದಂತೆ ಬಿಗಿಯುತ್ತದೆ. ಈ ಎರಡು ಲಕ್ಷಣಗಳನ್ನು ಒಟ್ಟಿಗೆ ಕಂಡ ಯಾವ ನರವೈದ್ಯನಿಗೂ ಮೊದಲು ನೆನಪಾಗುವುದು ಮೋಟಾರ್ ನ್ಯೂರಾನ್ ಕಾಯಿಲೆ, ಫ್ರಾನ್ಸಿನ ಶಾರ್ಕೋ 1874ರಲ್ಲಿ ಎ.ಎಲ್.ಎಸ್. ಎಂದು ಹೆಸರಿಟ್ಟ ಆ ನಿರ್ದಯ ರೋಗ. ಆದ್ದರಿಂದಲೇ ನಡೆಯಲಾರದೆ ಬಂದವನ ಮುಂಗೈಯ ಎಕ್ಸ್‌ರೇ ತೆಗೆಸುವ ಪದ್ಧತಿ ಇಲ್ಲಿ ಬೆಳೆಯಿತು. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿದ್ದರೆ ಉತ್ತರ ಬಾವಿಯಲ್ಲಿದೆ ಎಂದರ್ಥ.

ಈ ವಿಷಯವನ್ನು ಹೈದರಾಬಾದಿನಲ್ಲಿ ಬಹುಕಾಲ ಬೆನ್ನುಹತ್ತಿದವರು ನರಶಸ್ತ್ರವೈದ್ಯ ಡಿ. ರಾಜಾ ರೆಡ್ಡಿ. ನಿಜಾಮ್ಸ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರೂ ಆಗಿದ್ದ ಅವರು ಪ್ರಾಚೀನ ದಖ್ಖನಿನ ನಾಣ್ಯಗಳ ವಿದ್ವಾಂಸರೂ ಹೌದು. ಸವೆದ ನಾಣ್ಯದ ಗುರುತು ಓದುವ ಕಣ್ಣೇ ಎಕ್ಸ್‌ರೇ ಹಾಳೆಯನ್ನೂ ಓದಿತೇನೋ ಎಂದು ನನಗೆ ಅನ್ನಿಸುವುದುಂಟು, ವೈದ್ಯರು ಒಪ್ಪಲಿಕ್ಕಿಲ್ಲ. ನೀರಿಗೆ ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಬೆರೆಸಿ ಫ್ಲೋರೈಡ್ ಇಳಿಸುವ ವಿಧಾನವೊಂದನ್ನು ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ರೂಪಿಸಿತು. ಜಗತ್ತು ಅದನ್ನು ನಲ್ಗೊಂಡ ವಿಧಾನವೆಂದೇ ಕರೆಯುತ್ತದೆ. ಒಂದು ಜಿಲ್ಲೆಗೆ ಹೀಗೂ ಕೀರ್ತಿ ಬರಬಹುದು.

ಕನ್ನಡಿಗರಾದ ನಮಗೆ ಇದು ನೆರೆಮನೆಯ ಸುದ್ದಿಯಲ್ಲ. ಬೀದರ್, ಗುಲ್ಬರ್ಗ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಜಿಲ್ಲೆಗಳೇ. ಗಡಿ ಬದಲಾಯಿತು, ಅಂತರ್ಜಲ ಬದಲಾಗಲಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿಗಳ ಅನೇಕ ಹಳ್ಳಿಗಳಲ್ಲಿ ಇಂದಿಗೂ ಫ್ಲೋರೈಡ್ ಇದೆ. ವೈದ್ಯರು ನನ್ನ ಊರು ಕೇಳಿದ್ದು ಸೌಜನ್ಯಕ್ಕಲ್ಲ.

ನನ್ನ ಮುಂಗೈಯ ಎಕ್ಸ್‌ರೇ ಸ್ವಚ್ಛವಾಗಿ ಬಂತು. ಆಗ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ, ಏಕೆಂದರೆ ನೀರಿನ ತಪ್ಪಲ್ಲವೆಂದಾದರೆ ಉಳಿಯುವ ಹೆಸರುಗಳ ಪಟ್ಟಿಯ ತಲೆಯಲ್ಲಿ ಶಾರ್ಕೋನ ರೋಗವೇ ಇದ್ದಿತು. ಸ್ಥಳದ ಪ್ರಶ್ನೆ ಮುಗಿದು ಕಾಲದ ಪ್ರಶ್ನೆ ಮೊದಲಾದದ್ದು ಇಲ್ಲಿಂದ. ಅದಕ್ಕೂ ದಕ್ಷಿಣ ಭಾರತದಲ್ಲಿ ಒಂದು ಚರಿತ್ರೆಯಿದೆ.

1970ರಲ್ಲಿ ಮದ್ರಾಸಿನ ಮೀನಾಕ್ಷಿಸುಂದರಂ, ಜಗನ್ನಾಥನ್ ಮತ್ತು ಬಿ. ರಾಮಮೂರ್ತಿ ತಮ್ಮ ಎಳೆವಯಸ್ಸಿನ ರೋಗಿಗಳ ಬಗೆಗೆ ಒಂದು ಲೇಖನ ಪ್ರಕಟಿಸಿದರು. ಕೈಕಾಲು ಸೊರಗಿವೆ, ಸ್ನಾಯು ಅದುರುತ್ತದೆ, ಮುಖದ ಬಲ ಕುಂದಿದೆ, ಹಲವರಿಗೆ ಕಿವಿಯೂ ಕೇಳಿಸದು. ಪುಸ್ತಕದ ಪ್ರಕಾರ ಇವರು ಕೆಲವೇ ವರ್ಷ ಬದುಕಬೇಕು. ಇವರೋ ಬದುಕಿಯೇ ಇದ್ದರು. ಈ ರೋಗಕ್ಕೆ ಮದ್ರಾಸಿನ ಹೆಸರೇ ನಿಂತಿತು. ಬೆಂಗಳೂರಿನ ನಿಮ್ಹಾನ್ಸ್‌ನ ಎ. ನಳಿನಿ ಮತ್ತು ಸಂಗಡಿಗರು 2008ರಲ್ಲಿ ಇಂಥ 116 ರೋಗಿಗಳ ವೃತ್ತಾಂತ ಬರೆದರು. ಆ ದಾಖಲೆಗಳು ಹಬ್ಬಿದ್ದ ಅವಧಿ 36 ವರ್ಷ. ಒಂದು ಆಸ್ಪತ್ರೆ ತನ್ನ ಹಳೆಯ ಕಡತಗಳನ್ನು ಎಸೆಯದೆ ಇಟ್ಟುಕೊಂಡರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅದೇ ನಿಮ್ಹಾನ್ಸ್‌ನಲ್ಲಿ ಎಂ. ಗೌರಿದೇವಿ, ಸುರೇಶ್ ಮತ್ತು ಶಂಕರ್ 1984ರಲ್ಲಿ 23 ಮಂದಿಯ ಬಗ್ಗೆ ಬರೆದರು. ಹೆಚ್ಚಿನವರು ತರುಣರು. ಸ್ನಾಯುಕ್ಷಯ ಒಂದೇ ಕೈಗೆ ಅಥವಾ ಒಂದೇ ಕಾಲಿಗೆ ಸೀಮಿತ. ಕೆಲವು ವರ್ಷ ಮುಂದುವರಿದು, ಯಾರೂ ನಿಲ್ಲಿಸದಿದ್ದರೂ, ಅದು ತಾನಾಗಿಯೇ ನಿಲ್ಲುತ್ತದೆ. ಅವರು ಇದನ್ನು ಮಾನೊಮೆಲಿಕ್ ಅಮಯೋಟ್ರೊಫಿ, ಅಂದರೆ ಏಕಾವಯವದ ಸ್ನಾಯುಕ್ಷಯ, ಎಂದು ಕರೆದರು. ಜಪಾನಿನ ಹಿರಯಾಮಾ 1959ರಲ್ಲಿಯೇ ಕೈಗೆ ಸೀಮಿತವಾದ ಇಂಥದೇ ರೋಗವನ್ನು ವಿವರಿಸಿದ್ದರು. ಕತ್ತು ಬಾಗಿಸಿದಾಗ ಬೆನ್ನುಹುರಿ ಮುಂದಕ್ಕೆ ಒತ್ತಲ್ಪಡುವುದು ಇದಕ್ಕೆ ಕಾರಣವಿರಬಹುದೆಂಬ ವಿಚಾರ ಆಮೇಲೆ ಬಂತು.

ಈ ರೋಗಗಳನ್ನು ಶಾರ್ಕೋನ ರೋಗದಿಂದ ಬೇರ್ಪಡಿಸಿದ್ದು ಯಾವುದೋ ಒಂದು ಹೊಸ ಯಂತ್ರವಲ್ಲ. ಸೂಜಿ ಚುಚ್ಚಿ ಸ್ನಾಯುವಿನ ವಿದ್ಯುತ್ತನ್ನು ಕೇಳುವ ಇ.ಎಂ.ಜಿ. ಆಗಲೂ ಇತ್ತು, ನರಕೋಶ ಸಾಯುತ್ತಿದೆಯೆಂದು ಅದು ಹೇಳಬಲ್ಲದು, ಇನ್ನೆಷ್ಟು ಸಾಯುತ್ತದೆಂದು ಹೇಳಲಾರದು. ಅದನ್ನು ಹೇಳಿದ್ದು ರೋಗಿಗಳೇ, ಮತ್ತೆ ಮತ್ತೆ ಬಸ್ಸು ಹತ್ತಿ ಬಂದು, ಮೊದಲಿನಂತೆಯೇ ಇದ್ದೇನೆಂದು ತೋರಿಸಿ. ಆದರೆ ಆ 23 ಮಂದಿಗಾಗಲಿ ಆ 116 ಮಂದಿಗಾಗಲಿ ಆ ವರ್ಷಗಳು ಸಂಶೋಧನೆಯಾಗಿರಲಿಲ್ಲ. ಮದುವೆ ಮುಂದೂಡಿದ, ಹೊಲದ ಕೆಲಸ ಬಿಟ್ಟ, ಇರುಳಲ್ಲಿ ಕೈಯನ್ನು ಕೈಯಿಂದ ಅಳೆದ ವರ್ಷಗಳು ಅವು ಆಗಿದ್ದಿರಬೇಕು. ಲೇಖನಗಳಲ್ಲಿ ಅದಕ್ಕೆ ಕೋಷ್ಟಕವಿಲ್ಲ.

ನನ್ನ ಇ.ಎಂ.ಜಿ.ಯಲ್ಲಿ ಅದುರುವಿಕೆ ಕಂಡಿತು, ನರಕೋಶದ ಸಾವು ಕಾಣಲಿಲ್ಲ. ವೈದ್ಯರು ನನ್ನನ್ನು ತುದಿಗಾಲಲ್ಲೂ ಹಿಮ್ಮಡಿಯಲ್ಲೂ ನಡೆಸಿ, "ಬಲ ಕುಂದಿದೆಯೆಂದು ನಿಮಗನ್ನಿಸುತ್ತಿದೆ, ನನಗೆ ಸಿಗುತ್ತಿಲ್ಲ" ಎಂದರು. ಆ ಮಾತಿನಿಂದ ಅವಮಾನವೂ ಸಮಾಧಾನವೂ ಒಟ್ಟಿಗೇ ಆದವು. ಇಂಥ ನಿರಪಾಯದ ಅದುರುವಿಕೆಯನ್ನು ಡೆನ್ನಿ-ಬ್ರೌನ್ ಮತ್ತು ಫೋಲಿ 1948ರಲ್ಲಿ ವಿವರಿಸಿದ್ದರು. ಅಮೆರಿಕದ ಮೇಯೊ ಕ್ಲಿನಿಕ್‌ನವರು ಅಂಥ 121 ಮಂದಿಯನ್ನು 2ರಿಂದ 32 ವರ್ಷಗಳವರೆಗೆ ಹಿಂಬಾಲಿಸಿ, ಒಬ್ಬರಿಗೂ ಮೋಟಾರ್ ನ್ಯೂರಾನ್ ಕಾಯಿಲೆ ಬರಲಿಲ್ಲವೆಂದು 1993ರಲ್ಲಿ ಪ್ರಕಟಿಸಿದರು. ಅಲ್ಲಿಯೂ ಉತ್ತರ ಕೊಟ್ಟದ್ದು ಕ್ಯಾಲೆಂಡರೇ.

ಹಾಗಿದ್ದರೆ ನನ್ನದೂ ಅದೇ ತಾನೆ ಎಂದು ಕೇಳಿದೆ. "ಇರಬಹುದು," ಎಂದು ಅವರು ಚೀಟಿಯ ರೋಗದ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಕೆಳಗೆ ಆರು ತಿಂಗಳ ಮುಂದಿನ ದಿನಾಂಕವೊಂದನ್ನು ಬರೆದರು. ಅದಾದ ಮೇಲೆ ಅಂಥ ಮೂರು ದಿನಾಂಕಗಳು ಸೇರಿವೆ. ಮೀನಖಂಡ ಇದನ್ನು ಬರೆಯುತ್ತಿರುವಾಗಲೂ ಅದುರುತ್ತಿದೆ.