ಊರ ನಕ್ಷೆಯೊಳಗ ನಮ್ಮ ಕೇರಿ ಯಾವ ಬಣ್ಣ?



ಪೋಸ್ಟ್ ಸ್ವಲ್ಪ ಉದ್ದ ಐತಿ, ಆದ್ರೂ ಪೂರ್ತಿ ಓದ್ರಿ. ಮಾಸ್ಟರ್ ಪ್ಲಾನ್, ಸಿಡಿಪಿ, ಝೋನ್ ಅಂತ ಮಾತು ಬಂದ್ರ ನಮ್ಮವರು "ಅದು ಬಿಲ್ಡರ್‌ಗಳ ವ್ಯವಹಾರ" ಅಂತ ಎದ್ದು ಹೋಗ್ತಾರ. ಆದರೆ ಯಾರು ಎಲ್ಲಿ ಇರಬೇಕು, ಎಲ್ಲಿ ಏನು ಕೆಲಸ ಮಾಡಬೇಕು ಅನ್ನೋ ಕಟ್ಟಳೆ ನಮಗೆ ಹೊಸದಲ್ಲ. ಕಾಗದ ಇಲ್ಲದ ಕಾಲದಲ್ಲೂ ಊರಿಗೆ ಝೋನ್ ಇತ್ತು. ಊರು ಒಂದು ಕಡೆ, ಕೇರಿ ಹೊರಗೆ. ಸತ್ತ ದನ, ಚರ್ಮ, ಹೊಲಸು ಎಲ್ಲಾ ಕೇರಿ ಕಡೆ. ಬಾಬಾಸಾಹೇಬರು ಹಳ್ಳಿಯನ್ನು ಹೊಗಳಲು ಒಪ್ಪದೆ ಇದ್ದದ್ದು ಇದಕ್ಕೇ.

ಕಾಗದದ ಝೋನ್ ಬಂದದ್ದು ರೋಗದ ಹಿಂದೆ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು, ಎರಡೇ ವರ್ಷದಲ್ಲಿ ನಮ್ಮ ಹುಬ್ಬಳ್ಳಿಗೂ ಬಡಿಯಿತು. 1898ರಲ್ಲಿ ಮುಂಬೈಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಗಾಳಿ-ಬೆಳಕು ತರತೀವಿ ಅಂತ ಬಡವರ ಚಾಳುಗಳನ್ನು ಕೆಡವಿದರು. 1915ರಲ್ಲಿ ಮುಂಬೈ ಪ್ರಾಂತ್ಯಕ್ಕೆ ನಗರ ಯೋಜನಾ ಕಾಯ್ದೆ ಬಂತು. ಆಗ ಧಾರವಾಡ ಜಿಲ್ಲೆ ಅದೇ ಪ್ರಾಂತ್ಯದಲ್ಲಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, 1962ರಲ್ಲಿ ಹುಬ್ಬಳ್ಳಿ-ಧಾರವಾಡ ಒಂದೇ ಮಹಾನಗರ ಪಾಲಿಕೆ ಆಯಿತು. ಹಳ್ಳಿಯಾಗಿದ್ದ ಉಣಕಲ್ ಈಗ ನಗರದ ನಡುವೆ ಐತಿ.

ಈಗಲೂ ನಡೆಯುತ್ತಿರುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ತಿದ್ದುಪಡಿ ಬಹಳ ಆಗ್ಯಾವ, ಮೂಲ ವಿಚಾರ ಅದೇ. ನಕ್ಷೆಯಲ್ಲಿ ಮನೆಗೆ ಹಳದಿ, ವ್ಯಾಪಾರಕ್ಕೆ ನೀಲಿ, ಉದ್ಯಾನಕ್ಕೆ ಹಸಿರು. ಒಂದು ಕಡೆ ವಾಸ, ಇನ್ನೊಂದು ಕಡೆ ದುಡಿಮೆ. ಕಾರ್ಖಾನೆ ಹೊಗೆ ಮನೆಗೆ ಬರಬಾರದು ಅನ್ನೋದು ಒಳ್ಳೆಯದೇ. ಆದರೆ ಮನೆ ಕಟ್ಟೆ ಮೇಲೆ ಚಪ್ಪಲಿ ಹೊಲಿಯೋನು, ಮುಂದಿನ ಖೋಲಿಯಲ್ಲಿ ಮಷೀನ್ ಇಟ್ಟು ಬ್ಲೌಸ್ ಹೊಲಿಯೋ ಅಕ್ಕ ಯಾವ ಬಣ್ಣದೊಳಗೆ ಬರತಾರ? ರಸ್ತೆ ಇಷ್ಟು ಅಗಲ ಬೇಕು, ಸೆಟ್‌ಬ್ಯಾಕ್ ಇಷ್ಟು ಬಿಡಬೇಕು ಅಂತಾರ. ಕೇರಿ ಓಣಿಯೊಳಗ ಎರಡು ಸೈಕಲ್ ಎದುರಾದ್ರ ಒಂದು ನಿಲ್ಲಬೇಕು. ಆ ಓಣಿ ಸಣ್ಣದು ಮಾಡಿದವರು ನಾವಲ್ಲ, ನಮಗೆ ಕೊಟ್ಟ ಜಾಗಾನೇ ಅಷ್ಟು. ಪರವಾನಗಿ ಸಿಗೋದಿಲ್ಲ, ಪರವಾನಗಿ ಇಲ್ಲ ಅಂದ್ರ ಬ್ಯಾಂಕ್ ಸಾಲ ಸಿಗೋದಿಲ್ಲ. ಕೊನೆಗೆ ನಮ್ಮ ಮನೆಗೆ "ಅನಧಿಕೃತ" ಅಂತ ಹೆಸರು. ಗುಮಾಸ್ತನಾಗಿ ಫೈಲ್ ನೋಡೋನು ನಾನು, ಆ ಒಂದು ಶಬ್ದಕ್ಕೆ ಎಷ್ಟು ಬಲ ಐತಿ ಅಂತ ಗೊತ್ತು.

ಅಮೆರಿಕದ ಕಥಿ ಕೇಳ್ರಿ. 1910ರಲ್ಲಿ ಬಾಲ್ಟಿಮೋರ್ ನಗರ, ಕರಿಯರು ಈ ಓಣಿ, ಬಿಳಿಯರು ಆ ಓಣಿ ಅಂತ ಕಾನೂನೇ ಮಾಡಿತು. ಲೂಯಿವಿಲ್ ನಗರದ ಅಂಥದ್ದೇ ಕಾನೂನನ್ನು 1917ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆದರೆ 1926ರಲ್ಲಿ ಅದೇ ಕೋರ್ಟ್ ಸಾಮಾನ್ಯ ಝೋನಿಂಗ್ ಸರಿ ಅಂತು. ಮುಂದೆ ಬಣ್ಣದ ಹೆಸರು ಎತ್ತದೆ, "ಇಲ್ಲಿ ದೊಡ್ಡ ಪ್ಲಾಟೇ ಇರಬೇಕು, ಅಪಾರ್ಟ್‌ಮೆಂಟ್ ಬೇಡ" ಅಂತ ಬರೆದೇ ಬಡವರನ್ನೂ ಕರಿಯರನ್ನೂ ಹೊರಗಿಟ್ಟರು. ನಮ್ಮಲ್ಲೂ 17ನೇ ವಿಧಿ ಅಸ್ಪೃಶ್ಯತೆ ತೆಗೆದುಹಾಕಿತು. ನಿಯಮದ ಪುಸ್ತಕದೊಳಗ ಎಲ್ಲೂ ಜಾತಿ ಹೆಸರಿಲ್ಲ. ಚದರ ಅಡಿ, ರಸ್ತೆ ಅಗಲ ಅಷ್ಟೇ ಐತಿ. ಕೇರಿಗೆ ಅಷ್ಟೇ ಸಾಕು.

ಉಣಕಲ್‌ನಲ್ಲಿ ಇನ್ನೊಂದು ಗೆರೆ ಐತಿ. ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರ ತಿದ್ದುಪಡಿ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಿತ. ಗುಡಿಗೆ ಹತ್ತಿಕೊಂಡೇ ಮನೆಗಳಿವೆ. ಅಲ್ಲಿ ಗೋಡೆ ರಿಪೇರಿಗೂ ಅನುಮತಿ ಬೇಕು. ಗುಡಿ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಭಾರ ಯಾವ ಜಾತಿಯವರೇ ಇರಲಿ, ಅಲ್ಲಿನ ಬಡವರ ಮೇಲೆ ಮಾತ್ರ ಬೀಳಬಾರದು. ಬೇರೆ ಕಡೆ ಹೋಗ್ರಿ ಅಂದರೆ ಮೊದಲು ಜಾಗ, ಹಕ್ಕುಪತ್ರ, ಆಮೇಲೆ ಮಾತು.

ಹಳೇ ನಿಯಮ ಬದಲಾಗಬೇಕು ಅಂತ ಎಲ್ಲರೂ ಅಂತಾರ. ಚಿಗರಿ ಬಸ್ ಓಡೋ ರಸ್ತೆ ಬದಿ ಎತ್ತರದ ಕಟ್ಟಡಕ್ಕೆ ಅವಕಾಶ ಕೊಡೋದಷ್ಟೇ ಸುಧಾರಣೆ ಆದ್ರ ನಮಗೇನು ಬಂತು? ನಾವು ಕೇಳಬೇಕಾದ್ದು ಇಷ್ಟು:

1. ಹಳೇ ಕೇರಿಗಳಿಗೆ, ಗಾಂವಠಾಣ ಓಣಿಗಳಿಗೆ ಪ್ರತ್ಯೇಕ ಕಟ್ಟಡ ನಿಯಮ.
2. ಮನೆಯೊಳಗಿನ ಸಣ್ಣ ದುಡಿಮೆಗೆ ಕಾನೂನಿನ ಮಾನ್ಯತೆ.
3. ಹೊಸ ಲೇಔಟ್‌ಗಳಲ್ಲಿ ಸಣ್ಣ ನಿವೇಶನ ಕಡ್ಡಾಯ, ಅದೂ ಮೂಲೆಯಲ್ಲಲ್ಲ, ನಡುವೆ.
4. ಸ್ಮಶಾನ, ಅಂಬೇಡ್ಕರ್ ಭವನದ ಜಾಗ ನಕ್ಷೆಯಲ್ಲಿ ಗುರುತಾಗಬೇಕು.

ಕಾಯ್ದೆ ಪ್ರಕಾರ ಮಾಸ್ಟರ್ ಪ್ಲಾನ್ 10 ವರ್ಷಕ್ಕೊಮ್ಮೆ ಪರಿಷ್ಕರಣೆ ಆಗಬೇಕು, ಕರಡು ಪ್ರಕಟ ಆದ ಮೇಲೆ ಆಕ್ಷೇಪಣೆಗೆ 60 ದಿನ. ಆ ದಿನಗಳಲ್ಲಿ ಬಿಲ್ಡರ್ ಕಡೆಯವರು ಹುಡಾ ಆಫೀಸಿಗೆ ತಪ್ಪದೆ ಹೋಗತಾರ. ನಾವೂ ಹೋಗೋಣ. ಅಲ್ಲಿತನಕ ನಿಮ್ಮ ಮನೆ ಉತಾರ ತೆಗೆಸ್ರಿ, ಸರ್ವೆ ನಂಬರ್ ಬರೆದಿಡ್ರಿ, ಈಗಿನ ನಕ್ಷೆಯಲ್ಲಿ ನಿಮ್ಮ ಓಣಿ ಯಾವ ಬಣ್ಣ ಅಂತ ನೋಡ್ರಿ. ಅರ್ಜಿ ಬರೆಯೋಕೆ ಬರದಿದ್ರ ನನಗೆ ಹೇಳ್ರಿ, ರವಿವಾರ ಕೂತು ಬರೆಯೋಣ.

ಜೈ ಭೀಮ್.