‘ಯಹ್ಯಾ’: ಮೊದಲು ಯಾರಿಗೂ ಇಡದಿದ್ದ ಹೆಸರು

ಮಗು ಹುಟ್ಟಿದ ಮನೆಯಿಂದ ಮಸೀದಿಗೆ ಬರುವ ಪ್ರಶ್ನೆ ಈಚೆಗೆ ಸ್ವಲ್ಪ ಬದಲಾಗಿದೆ. ಹಿಂದೆ “ಹಜ್ರತ್, ಒಂದು ಒಳ್ಳೆಯ ಹೆಸರು ಹೇಳಿ” ಎಂದು ಕೇಳುತ್ತಿದ್ದರು. ಈಗ “ನಮ್ಮ ಕಡೆ ಯಾರೂ ಇಟ್ಟಿರಬಾರದು, ಅಂಥ ಹೆಸರು ಬೇಕು” ಎನ್ನುತ್ತಾರೆ. ಮೊಬೈಲ್‌ನಲ್ಲಿ ಹುಡುಕಿ ಬರೆದುಕೊಂಡ ಹತ್ತಾರು ಹೆಸರುಗಳ ಪಟ್ಟಿ ಕೈಯಲ್ಲಿರುತ್ತದೆ. ಅವುಗಳಲ್ಲಿ ಕೆಲವಕ್ಕೆ ಅರಬಿಯಲ್ಲಿ ಅರ್ಥವೇ ಇರುವುದಿಲ್ಲ. ಇತ್ತ ಅಜ್ಜ, ಅಜ್ಜಿಯರಿಗೆ ಮನೆತನದ ಹಳೆಯ ಹೆಸರು ಉಳಿಯಲಿ ಎಂಬ ಆಸೆ. ಅಖೀಕಾದ ದಿನ ಹತ್ತಿರ ಬಂದರೂ ಹೆಸರು ತೀರ್ಮಾನವಾಗುವುದಿಲ್ಲ. ಸಂತೋಷದ ಮನೆಯಲ್ಲಿ ಹೆಸರಿಗಾಗಿ ಮನಸ್ತಾಪ ಹುಟ್ಟುತ್ತದೆ.

ಅಪರೂಪದ ಹೆಸರನ್ನು ಬಯಸುವುದು ತಪ್ಪೇ? ಹಳೆಯ ಹೆಸರನ್ನೇ ಇಡಬೇಕೇ? ಇದಕ್ಕೆ ಫತ್ವಾಕ್ಕಿಂತ ಒಂದು ಹೆಸರಿನ ಚರಿತ್ರೆಯೇ ಚೆನ್ನಾಗಿ ಉತ್ತರ ಕೊಡುತ್ತದೆ. ಒಮ್ಮೆ ಲೋಕದಲ್ಲೇ ಇಲ್ಲದಿದ್ದ, ಅನಂತರ ಲೋಕದ ಮೂಲೆಮೂಲೆಗೂ ಹೋದ ಹೆಸರು ಅದು: ಯಹ್ಯಾ.

ಅಲ್ಲಾಹನೇ ಇಟ್ಟ ಹೆಸರು

ಹಝ್ರತ್ ಝಕರಿಯ್ಯಾ(ಅ) ಅವರಿಗೆ ಮುಪ್ಪು ಬಂದಿತ್ತು. ಎಲುಬುಗಳು ಸಡಿಲಗೊಂಡಿದ್ದವು, ತಲೆ ನರೆತಿತ್ತು, ಪತ್ನಿ ಬಂಜೆಯಾಗಿದ್ದರು. ಆದರೂ ಅವರು ಮೆಲುದನಿಯಲ್ಲಿ ತಮ್ಮ ಪ್ರಭುವನ್ನು ಕರೆದು ಒಬ್ಬ ವಾರಸುದಾರನನ್ನು ಬೇಡಿದರು. ಅವರಿಗೆ ದೊರೆತ ಉತ್ತರ ಸೂರಃ ಮರ್ಯಮ್‌ನ 7ನೇ ಆಯತ್‌ನಲ್ಲಿದೆ. ಒಬ್ಬ ಗಂಡುಮಗುವಿನ ಶುಭವಾರ್ತೆಯನ್ನು ಕೊಟ್ಟ ಅಲ್ಲಾಹನು ಅದರ ಹೆಸರನ್ನೂ ತಾನೇ ತಿಳಿಸಿದನು. ಆ ಹೆಸರಿನವರನ್ನು ಇದಕ್ಕೆ ಮೊದಲು ಮಾಡಿಲ್ಲವೆಂದೂ ಹೇಳಿದನು.

ಈ ಮಾತನ್ನು ಮುಫಸ್ಸಿರ್‌ಗಳು ಎರಡು ರೀತಿಯಲ್ಲಿ ವಿವರಿಸಿದ್ದಾರೆ. ಯಹ್ಯಾ ಎಂಬ ಹೆಸರು ಅದಕ್ಕೆ ಮೊದಲು ಯಾರಿಗೂ ಇರಲಿಲ್ಲ ಎಂದು ಖತಾದಾ ಮೊದಲಾದವರು ಹೇಳಿದರು. ಇಮಾಮ್ ತಬರಿಯವರು ಒಪ್ಪಿದ್ದೂ ಇದನ್ನೇ. ಮುಜಾಹಿದ್ ಅವರ ಪ್ರಕಾರ ಇಲ್ಲಿ ಬಂದಿರುವ ‘ಸಮಿಯ್ಯ್’ ಎಂಬ ಪದಕ್ಕೆ ಸರಿಸಾಟಿ ಎಂಬ ಅರ್ಥ. ಅಂದರೆ ಅವರಂಥವರು ಮೊದಲು ಇರಲಿಲ್ಲ ಎಂದು. ಅದೇ ಸೂರಃದ 65ನೇ ಆಯತ್‌ನಲ್ಲಿ ಅಲ್ಲಾಹನಿಗೆ ಸರಿಸಮಾನರು ಯಾರಾದರೂ ಇದ್ದಾರೆಯೇ ಎಂದು ಕೇಳುವಾಗಲೂ ಇದೇ ಪದ ಬಂದಿದೆ.

ಓದಿಕೊಂಡ ಯುವಕರು ಇಲ್ಲಿ ಒಂದು ಪ್ರಶ್ನೆ ಕೇಳುವುದುಂಟು. ಕ್ರೈಸ್ತರು ಯಹ್ಯಾ(ಅ) ಅವರನ್ನು ಯೋಹಾನ ಎನ್ನುತ್ತಾರೆ. ಅದರ ಮೂಲ ಹೀಬ್ರೂ ಭಾಷೆಯ ಯೋಹಾನಾನ್. ಆ ಹೆಸರಿನವರು ಹಳೆಯ ಒಡಂಬಡಿಕೆಯಲ್ಲೇ ಇದ್ದಾರಲ್ಲವೇ? ಪ್ರಶ್ನೆ ಸರಿಯಾದದ್ದೇ. ಆದರೆ ಆ ಎರಡು ಹೆಸರುಗಳಿಗೆ ಅರ್ಥ ಬೇರೆ ಬೇರೆ. ಯೋಹಾನಾನ್ ಎಂದರೆ ದೇವನು ಕೃಪೆ ತೋರಿದನು ಎಂದು. ಯಹ್ಯಾ ಎಂಬುದನ್ನು ಅರಬಿ ವಿದ್ವಾಂಸರು ‘ಹಯಾತ್’ನ ಧಾತುವಿನಿಂದ ಬಿಡಿಸುತ್ತಾರೆ. ಅದರಂತೆ ಬದುಕುತ್ತಾನೆ, ಜೀವಂತವಾಗಿರುತ್ತಾನೆ ಎಂಬುದು ಅರ್ಥ. ಬಂಜೆಯಾಗಿದ್ದ ತಾಯಿಯ ಗರ್ಭಕ್ಕೆ ಅವರಿಂದ ಜೀವ ಬಂತು ಎಂದು ಕೆಲವರು, ಈಮಾನ್‌ನಿಂದ ಅವರ ಹೃದಯ ಜೀವಂತವಾಗಿತ್ತು ಎಂದು ಕೆಲವರು ವಿವರಿಸಿದರು. ಹೀಗಾಗಿ ಹೆಸರೇ ಹೊಸದು ಎಂಬ ಮಾತಿಗೆ ಬಾಧೆಯಿಲ್ಲ. ಮುಜಾಹಿದ್ ಅವರ ವಿವರಣೆಯಂತೆ ಓದಿದರೆ ಆ ಪ್ರಶ್ನೆಯೇ ಏಳುವುದಿಲ್ಲ. ನಮ್ಮಲ್ಲಿ ಎಲ್ಲೆಡೆ ಇರುವ ಮೊಹಿದ್ದೀನ್, ಹಯಾತ್ ಎಂಬ ಹೆಸರುಗಳೂ ಇದೇ ಧಾತುವಿನವು.

ಲೂಕನ ಸುವಾರ್ತೆಯಲ್ಲೂ ಈ ನಾಮಕರಣದ ಸಂಗತಿ ಬರುತ್ತದೆ. ನೆರೆಹೊರೆಯವರು ಮತ್ತು ಬಂಧುಗಳು ಮಗುವಿಗೆ ತಂದೆಯ ಹೆಸರನ್ನೇ ಇಡಲು ಹೊರಟರಂತೆ. ತಾಯಿ ಒಪ್ಪಲಿಲ್ಲ. ನಿಮ್ಮ ಬಂಧುಗಳಲ್ಲಿ ಈ ಹೆಸರಿನವರು ಯಾರೂ ಇಲ್ಲವಲ್ಲ ಎಂದು ಅವರು ಆಕ್ಷೇಪಿಸಿದರಂತೆ. ಇಂದು ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆ ಎಷ್ಟು ಹಳೆಯದು ನೋಡಿ!

ಆದರೆ ಕುರ್‌ಆನ್ ಹೆಸರಿನ ಹೊಸತನಕ್ಕೇ ನಿಲ್ಲುವುದಿಲ್ಲ. ಯಹ್ಯಾ(ಅ) ಅವರ ಹೆಸರು ಅದರಲ್ಲಿ 5 ಸಲ ಬಂದಿದೆ. ಸೂರಃ ಮರ್ಯಮ್‌ನ 12ರಿಂದ 15ರವರೆಗಿನ ಆಯತ್‌ಗಳು ಅವರ ಗುಣಗಳನ್ನು ಹೇಳುತ್ತವೆ: ಗ್ರಂಥವನ್ನು ಭದ್ರವಾಗಿ ಹಿಡಿದುಕೊಳ್ಳುವ ಆದೇಶ, ಬಾಲ್ಯದಲ್ಲೇ ವಿವೇಕ, ಮೃದು ಹೃದಯ, ಪರಿಶುದ್ಧತೆ, ತಖ್ವಾ, ತಂದೆತಾಯಿಗಳ ಸೇವೆ, ಅಹಂಕಾರವಿಲ್ಲದ ನಡತೆ. ಕೊನೆಗೆ ಹುಟ್ಟಿದ ದಿನ, ಸಾಯುವ ದಿನ, ಮತ್ತೆ ಎಬ್ಬಿಸಲ್ಪಡುವ ದಿನ ಅವರ ಮೇಲೆ ಸಲಾಮ್. ಹೆಸರು ಒಂದು ಪದ, ಅದರ ಹಿಂದೆ ಇಷ್ಟು ಗುಣಗಳು.

ಮದೀನಾದ ಯಹ್ಯಾ

ಯಹ್ಯಾ(ಅ) ಅವರ ಕಾಲದಿಂದ ಸುಮಾರು ಆರು ಶತಮಾನ ಮುಂದೆ ಬರೋಣ. ಮದೀನಾದ ಅನ್ಸಾರಿಗಳಲ್ಲಿ ಬನೂ ಝುರೈಖ್ ಎಂಬ ಮನೆತನವಿತ್ತು. ಅಲ್ಲಿನ ಖಲ್ಲಾದ್ ಬಿನ್ ರಾಫಿಅ್(ರ) ಅವರಿಗೆ ಗಂಡುಮಗು ಹುಟ್ಟಿತು. ಮಗುವನ್ನು ಪ್ರವಾದಿ(ಸ) ಅವರ ಬಳಿಗೆ ತಂದರು. ಪ್ರವಾದಿವರ್ಯರು(ಸ) ತಹ್ನೀಕ್ ಮಾಡಿದರು, ಅಂದರೆ ಖರ್ಜೂರವನ್ನು ಮೆತ್ತಗೆ ಮಾಡಿ ಮಗುವಿನ ಬಾಯೊಳಗೆ ಸವರಿದರು. ಝಕರಿಯ್ಯಾರ ಮಗ ಯಹ್ಯಾರ ನಂತರ ಯಾರಿಗೂ ಇಡದ ಹೆಸರನ್ನು ಈ ಮಗುವಿಗೆ ಇಡುತ್ತೇನೆಂದು ಹೇಳಿ ಯಹ್ಯಾ ಎಂದು ಕರೆದರು. ಸಹಾಬಿಗಳ ಜೀವನಚರಿತ್ರೆಗಳಲ್ಲಿ ಈ ವರದಿ ದಾಖಲಾಗಿದೆ. ಇಬ್ನ್ ಹಜರ್(ರಹ್) ಅವರ ‘ಅಲ್ ಇಸಾಬಾ’ದಲ್ಲೂ ಇದು ಇದೆ.

ಆ ಮಗು ದೊಡ್ಡದಾಗಿ ಏನು ಮಾಡಿತು? ಸಹೀಹ್ ಬುಖಾರಿಯಲ್ಲಿ ಒಂದು ಹದೀಸ್ ಇದೆ. ಪ್ರವಾದಿ(ಸ) ಅವರು ರುಕೂಅ್‌ನಿಂದ ತಲೆ ಎತ್ತಿದಾಗ ಹಿಂದೆ ನಿಂತಿದ್ದ ಒಬ್ಬರು ‘ರಬ್ಬನಾ ವಲಕಲ್ ಹಮ್ದ್’ ಎಂದು ಆರಂಭಿಸಿ ಅಲ್ಲಾಹನನ್ನು ಇನ್ನಷ್ಟು ಸ್ತುತಿಸಿದರು. ನಮಾಝ್ ಮುಗಿದ ಮೇಲೆ ಹಾಗೆ ಹೇಳಿದವರು ಯಾರೆಂದು ಪ್ರವಾದಿವರ್ಯರು(ಸ) ಕೇಳಿದರು. ಮೂವತ್ತಕ್ಕೂ ಹೆಚ್ಚು ಮಲಕ್‌ಗಳು ಅದನ್ನು ತಾವು ಮೊದಲು ಬರೆಯಬೇಕೆಂದು ಪೈಪೋಟಿ ನಡೆಸಿದ್ದನ್ನು ಕಂಡೆನೆಂದು ತಿಳಿಸಿದರು. ಈ ಹದೀಸನ್ನು ಹೇಳಿದವರು ರಿಫಾಅಃ ಬಿನ್ ರಾಫಿಅ್(ರ). ಅವರಿಂದ ಕೇಳಿ ಮುಂದಿನ ತಲೆಮಾರಿಗೆ ದಾಟಿಸಿದವರು ಅವರ ಅಣ್ಣತಮ್ಮಂದಿರಲ್ಲೊಬ್ಬರಾದ ಖಲ್ಲಾದರ ಮಗ, ಇದೇ ಯಹ್ಯಾ. ಅವರಿಂದ ಅವರ ಮಗ ಅಲಿ ಕೇಳಿದರು. ಇಂದು ನಮ್ಮ ಮಸೀದಿಯ ಸಫ್‌ನಲ್ಲಿ ಯಾರಾದರೂ ಆ ಸ್ತುತಿಯನ್ನು ಮೆಲ್ಲಗೆ ಹೇಳಿದರೆ, ಅದು ಈ ಮನೆಯ ಮೂಲಕ ನಮಗೆ ತಲುಪಿದ ಸಂಪತ್ತು. ಅಪರೂಪದ ಹೆಸರು ಪಡೆದ ಮಗು ಆ ಹೆಸರಿಗೆ ಸಲ್ಲಿಸಿದ ಹಕ್ಕು ಇದು.

ನಿಶಾಪುರದಿಂದ ಕೊರ್ದೊಬಾದವರೆಗೆ

ನಬಿಗಳ ಮತ್ತು ಸಜ್ಜನರ ಹೆಸರಿಡುವುದು ಹಿಂದಿನವರ ರೂಢಿಯೂ ಆಗಿತ್ತೆಂದು ಪ್ರವಾದಿ(ಸ) ಅವರು ಮುಗೀರಾ ಬಿನ್ ಶುಅ್‌ಬಾ(ರ) ಅವರಿಗೆ ತಿಳಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಈ ದಾರಿಯಲ್ಲೇ ಯಹ್ಯಾ ಎಂಬ ಹೆಸರೂ ಹಬ್ಬಿತು. ಎಷ್ಟು ಬೇಗ ಹಬ್ಬಿತು ಎಂಬುದಕ್ಕೆ ಹದೀಸ್ ಗ್ರಂಥಗಳೇ ಸಾಕ್ಷಿ.

ಸಹೀಹ್ ಬುಖಾರಿಯ ಮೊದಲ ಹದೀಸ್ ನಿಯ್ಯತ್ತಿನ ಕುರಿತಾದದ್ದು. ಅದರ ಸನದ್‌ನಲ್ಲಿ ಮದೀನಾದ ಯಹ್ಯಾ ಬಿನ್ ಸಈದ್ ಅಲ್ ಅನ್ಸಾರಿ ಇದ್ದಾರೆ. ಸಹೀಹ್ ಮುಸ್ಲಿಮ್ ತೆರೆದರೆ ನಿಶಾಪುರದ ಯಹ್ಯಾ ಬಿನ್ ಯಹ್ಯಾರ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಅವರು ತೀರಿಕೊಂಡದ್ದು ಹಿಜರಿ 226ರಲ್ಲಿ. ಇಮಾಮ್ ಮಾಲಿಕ್(ರಹ್) ಅವರ ಮುವತ್ತಾವನ್ನು ಸ್ಪೇನ್‌ನ ಕೊರ್ದೊಬಾಕ್ಕೆ ಒಯ್ದವರ ಹೆಸರೂ ಯಹ್ಯಾ ಬಿನ್ ಯಹ್ಯಾ. ಅವರು ಬರ್ಬರ್ ಮೂಲದವರು, ಮರಣ ಹಿಜರಿ 234. ಪೂರ್ವದಲ್ಲಿ ಇರಾನ್, ಪಶ್ಚಿಮದಲ್ಲಿ ಸ್ಪೇನ್. ಎರಡೂ ಕಡೆ ಮಗನೂ ಯಹ್ಯಾ, ತಂದೆಯೂ ಯಹ್ಯಾ. ಪ್ರವಾದಿ(ಸ) ಅವರ ಕಾಲದಲ್ಲಿ ಅಪರೂಪವಾಗಿದ್ದ ಹೆಸರು ಸುಮಾರು ಇನ್ನೂರು ವರ್ಷಗಳಲ್ಲಿ ಇಷ್ಟು ದೂರ ನಡೆದಿತ್ತು.

ಕೊರ್ದೊಬಾದ ಯಹ್ಯಾರ ಬಗ್ಗೆ ಒಂದು ಪ್ರಸಂಗ ಪ್ರಸಿದ್ಧ. ಒಮ್ಮೆ ಮದೀನಾಕ್ಕೆ ಆನೆ ಬಂತು. ಪಾಠದಲ್ಲಿ ಕುಳಿತಿದ್ದ ವಿದ್ಯಾರ್ಥಿಗಳೆಲ್ಲ ನೋಡಲು ಎದ್ದು ಓಡಿದರು. ಇವರು ಮಾತ್ರ ಏಳಲಿಲ್ಲ. ನಿಮ್ಮೂರಲ್ಲಿ ಆನೆ ಇಲ್ಲವಲ್ಲ, ಏಕೆ ಹೋಗಲಿಲ್ಲ ಎಂದು ಇಮಾಮ್ ಮಾಲಿಕ್ ಕೇಳಿದರು. ಅಷ್ಟು ದೂರದಿಂದ ಬಂದದ್ದು ತಮ್ಮಿಂದ ಕಲಿಯಲು, ಆನೆ ನೋಡಲು ಅಲ್ಲ ಎಂಬುದು ಇವರ ಉತ್ತರವಾಗಿತ್ತು. ಅಂದಿನಿಂದ ಅವರಿಗೆ ಅಂದಲೂಸಿನ ಬುದ್ಧಿವಂತ ಎಂಬ ಬಿರುದು ಬಂತು.

ಬಗ್ದಾದ್‌ನ ಯಹ್ಯಾ ಬಿನ್ ಮಈನ್ (ಮರಣ ಹಿಜರಿ 233) ತಂದೆ ಬಿಟ್ಟುಹೋದ ದೊಡ್ಡ ಆಸ್ತಿಯನ್ನೆಲ್ಲ ಹದೀಸ್ ಸಂಗ್ರಹಕ್ಕೆ ಖರ್ಚು ಮಾಡಿ, ಕೊನೆಗೆ ಕಾಲಿಗೆ ಚಪ್ಪಲಿಯೂ ಉಳಿಯದಂತಾದರು ಎಂದು ಚರಿತ್ರೆಕಾರರು ಬರೆದಿದ್ದಾರೆ.

ನಮಗೆಲ್ಲ ಹೆಚ್ಚು ಪರಿಚಿತರಾದ ಯಹ್ಯಾ ಇನ್ನೊಬ್ಬರಿದ್ದಾರೆ. ಆದರೆ ಅವರ ಹೆಸರು ಯಹ್ಯಾ ಎಂಬುದು ಅನೇಕರಿಗೆ ತಿಳಿದಿಲ್ಲ. ರಿಯಾಝುಸ್ಸಾಲಿಹೀನ್ ಮತ್ತು ನಲವತ್ತು ಹದೀಸ್‌ಗಳ ಸಂಗ್ರಹವನ್ನು ಕೊಟ್ಟ ಇಮಾಮ್ ನವವಿ(ರಹ್) ಅವರ ಹೆಸರು ಯಹ್ಯಾ ಬಿನ್ ಶರಫ್. ನವವಿ ಎಂದರೆ ದಮಾಸ್ಕಸ್‌ನ ದಕ್ಷಿಣಕ್ಕಿರುವ ನವಾ ಊರಿನವರು ಎಂದರ್ಥ. ಹಿಜರಿ 631ರಲ್ಲಿ (ಕ್ರಿ.ಶ. 1233) ಹುಟ್ಟಿ 676ರಲ್ಲಿ ತೀರಿಕೊಂಡರು. ನಮ್ಮ ಕರಾವಳಿಯ ಶಾಫಿಈ ಮದ್‌ಹಬ್‌ನವರ ಫಿಖ್ಹ್ ಬಹಳಮಟ್ಟಿಗೆ ಅವರ ‘ಮಿನ್ಹಾಜ್’ ಗ್ರಂಥವನ್ನು ಆಧರಿಸಿದೆ. ಅವರಿಗೆ ಮದುವೆಯಾಗಲಿಲ್ಲ, ಮಕ್ಕಳಿರಲಿಲ್ಲ. ಆದರೂ ಅವರನ್ನು ಅಬೂ ಝಕರಿಯ್ಯಾ ಎಂದು ಕರೆದರು. ಯಹ್ಯಾ ಎಂದರೆ ಜೊತೆಗೆ ಝಕರಿಯ್ಯಾ ನೆನಪಾಗಲೇಬೇಕು, ಮಗನೊಡನೆ ತಂದೆಯ ಹೆಸರೂ ಉಳಿಯಬೇಕು ಎಂಬ ರೂಢಿ ಅದು.

ಹೆಸರಿನ ಪ್ರಭಾವ ನೋಡಿ. ಆಟಕ್ಕೆ ಕರೆದ ಮಕ್ಕಳಿಗೆ ನಾವು ಆಟಕ್ಕಾಗಿ ಸೃಷ್ಟಿಯಾದವರಲ್ಲ ಎಂದು ಬಾಲಕ ಯಹ್ಯಾ(ಅ) ಹೇಳಿದರೆಂಬ ವರದಿ ತಫ್ಸೀರ್‌ಗಳಲ್ಲಿದೆ. ಹತ್ತು ವರ್ಷದ ಬಾಲಕ ನವವಿಯೂ ಬಲವಂತವಾಗಿ ಆಟಕ್ಕೆ ಎಳೆದವರಿಂದ ಅಳುತ್ತಾ ಓಡಿ, ಕುರ್‌ಆನ್ ಓದುತ್ತಿದ್ದುದನ್ನು ಕಂಡವರೊಬ್ಬರು ದಾಖಲಿಸಿದ್ದಾರೆ. ರಾಜನೊಬ್ಬನ ನಿಷಿದ್ಧ ವಿವಾಹವನ್ನು ವಿರೋಧಿಸಿದ್ದಕ್ಕೆ ಯಹ್ಯಾ(ಅ) ಶಹೀದರಾದರು. ಪ್ರಜೆಗಳ ಹಣ ವಸೂಲಿಗೆ ಒಪ್ಪಿಗೆ ಕೇಳಿದ ಸುಲ್ತಾನ್ ಬೈಬರ್ಸ್‌ನ ಫತ್ವಾಕ್ಕೆ ನವವಿ ಸಹಿ ಹಾಕಲಿಲ್ಲ.

ಇಂದು ಈ ಹೆಸರು ಟರ್ಕಿಯಲ್ಲೂ ಇಂಡೋನೇಷ್ಯಾದಲ್ಲೂ ಇದೆ. ನೈಜೀರಿಯಾದ ಹೌಸಾ ಜನರಲ್ಲಿ ಅದು ಯಹಾಯಾ. ಪಶ್ಚಿಮ ಆಫ್ರಿಕಾದ ಹಲವೆಡೆ ಯಾಯಾ. ಮಕ್ಕಳು ಬಲ್ಲ ಐವರಿ ಕೋಸ್ಟ್‌ನ ಫುಟ್‌ಬಾಲ್ ಆಟಗಾರ ಯಾಯಾ ತೂರೆಯ ಹೆಸರೂ ಇದೇ. ನಮ್ಮ ಕ್ರೈಸ್ತ ನೆರೆಹೊರೆಯವರಲ್ಲಿರುವ ಯೋಹಾನ, ಜಾನ್ ಎಂಬ ಹೆಸರುಗಳು ನೆನಪಿಸುವುದೂ ಅದೇ ಮಹಾನುಭಾವರನ್ನು. ದಮಾಸ್ಕಸ್‌ನ ಉಮವಿ ಮಸೀದಿಯೊಳಗೆ ಅವರ ಹೆಸರಿನ ಮಝಾರ್ ಇದೆ. ಮುಸ್ಲಿಮರೂ ಕ್ರೈಸ್ತರೂ ಅಲ್ಲಿಗೆ ಬರುತ್ತಾರೆ.

ನಮ್ಮ ಮನೆಗಳಿಗೆ

ಈಗ ಮೊದಲ ಪ್ರಶ್ನೆಗೆ ಬರೋಣ. ಪ್ರವಾದಿ(ಸ) ಅವರು ಖಲ್ಲಾದರ ಮಗನಿಗೆ ಅಪರೂಪದ ಹೆಸರಿಟ್ಟರು. ತಮ್ಮ ಸ್ವಂತ ಮಗ ಹುಟ್ಟಿದಾಗ ಪೂರ್ವಜರಾದ ಇಬ್ರಾಹೀಮ್(ಅ) ಅವರ ಹೆಸರಿಟ್ಟರು. ಎರಡೂ ಸುನ್ನತ್‌ನಲ್ಲಿವೆ. ಆದ್ದರಿಂದ ಹೊಸ ಹೆಸರು ಬಯಸುವ ಮಗ, ಸೊಸೆಯನ್ನು ಹಿರಿಯರು ಗದರಿಸಬೇಕಾಗಿಲ್ಲ. ಅಜ್ಜನ ಹೆಸರು ಹಳತಾಯಿತೆಂದು ಕಿರಿಯರು ಮೂಗು ಮುರಿಯಬೇಕಾಗಿಲ್ಲ. ಮರ್ಯಮ್(ಅ) ಅವರಿಗೆ ಹೆಸರಿಟ್ಟವರು ಅವರ ತಾಯಿ ಎಂದು ಸೂರಃ ಆಲಿ ಇಮ್ರಾನ್ ಹೇಳುತ್ತದೆ. ಹೆತ್ತವಳನ್ನು ಕೇಳದೆ ಹೆಸರು ನಿಶ್ಚಯಿಸುವ ಮನೆಗಳು ಇದನ್ನು ಗಮನಿಸಲಿ.

ಬೇಕಾದದ್ದು ನಿಯ್ಯತ್. ಯಹ್ಯಾ ಬಿನ್ ಸಈದ್ ದಾಟಿಸಿದ ಆ ಹದೀಸನ್ನೇ ಯಹ್ಯಾ ನವವಿ ತಮ್ಮ ನಲವತ್ತು ಹದೀಸ್‌ಗಳ ಆರಂಭದಲ್ಲಿಟ್ಟರು. ಬೇರೆ ಯಾರ ಮನೆಯಲ್ಲೂ ಇಲ್ಲ ಎಂಬ ಹೆಮ್ಮೆಗೆ ಹೆಸರಿಟ್ಟರೆ, ಇನ್ನೊಬ್ಬರು ಅದನ್ನೇ ಇಟ್ಟ ದಿನ ಆ ಹೆಮ್ಮೆ ಮುಗಿಯುತ್ತದೆ. ಒಳ್ಳೆಯ ಅರ್ಥಕ್ಕೆ, ಒಳ್ಳೆಯವರ ನೆನಪಿಗೆ ಇಟ್ಟರೆ, ಸಾವಿರ ಜನ ಇಟ್ಟರೂ ಅದು ಹಳತಾಗುವುದಿಲ್ಲ.

ಹೆಸರು ಹುಡುಕುವಾಗ ಅರಬಿ ಅಕ್ಷರಗಳಲ್ಲಿ ಬರೆಸಿ ನೋಡಿ. ಕನ್ನಡದಲ್ಲಿ ‘ಆಸಿಯಾ’ ಎಂದು ಒಂದೇ ರೀತಿ ಬರೆಯುವ ಎರಡು ಪದಗಳಿವೆ. ಒಂದು ಫಿರ್‌ಔನನ ಪತ್ನಿಯಾಗಿದ್ದ ಪುಣ್ಯವತಿಯ ಹೆಸರು. ಇನ್ನೊಂದರ ಅರ್ಥ ಆಜ್ಞೆ ಮೀರುವವಳು. ಆ ಎರಡನೆಯ ಹೆಸರನ್ನು ಪ್ರವಾದಿ(ಸ) ಅವರು ಜಮೀಲಾ ಎಂದು ಬದಲಾಯಿಸಿದ್ದರು. ಯಹ್ಯಾ ಎಂಬುದನ್ನೂ ನಮ್ಮಲ್ಲಿ ಯಾಹ್ಯಾ, ಯಹಿಯಾ, ಯಹಯಾ ಎಂದು ಹಲವು ರೀತಿ ಬರೆಯುತ್ತಾರೆ. ಜನನ ಪ್ರಮಾಣಪತ್ರದಲ್ಲಿ ಹೇಗಿದೆಯೋ ಆಧಾರ್‌ನಲ್ಲೂ ಶಾಲೆಯಲ್ಲೂ ಹಾಗೆಯೇ ಬರೆಸಿ. ಇಲ್ಲದಿದ್ದರೆ ಮುಂದೆ ಪಾಸ್‌ಪೋರ್ಟ್ ಮಾಡಿಸುವಾಗ, ಉಮ್ರಾಕ್ಕೆ ಹೊರಡುವಾಗ ತೊಂದರೆಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿಗೆ ಮಾತು ತಿಳಿಯುವ ವಯಸ್ಸಾದಾಗ ಅದರ ಹೆಸರಿನ ಕಥೆಯನ್ನು ಹೇಳಿ. ನಿನ್ನ ಹೆಸರಿನ ಅರ್ಥವೇನು ಎಂದು ಮದ್ರಸಾದಲ್ಲಿ ಕೇಳಿದರೆ ಎಷ್ಟೋ ಮಕ್ಕಳು ತಲೆ ತಗ್ಗಿಸುತ್ತಾರೆ. ಅದು ಮಕ್ಕಳ ತಪ್ಪಲ್ಲ. ಹೆಸರು ಕೊಟ್ಟ ನಾವು ಅದರ ಅರ್ಥವನ್ನು ಕೊಡಲು ಮರೆತಿದ್ದೇವೆ.

ಮುಪ್ಪಿನಲ್ಲಿ ಝಕರಿಯ್ಯಾ(ಅ) ಅವರ ಮೊರೆಯನ್ನು ಆಲಿಸಿದ ಅಲ್ಲಾಹನು ಮಕ್ಕಳಿಗಾಗಿ ಹಂಬಲಿಸುವವರ ಮಡಿಲು ತುಂಬಲಿ. ನಮ್ಮ ಮಕ್ಕಳನ್ನು ಅವರ ಹೆಸರುಗಳಿಗೆ ತಕ್ಕವರನ್ನಾಗಿ, ತಂದೆತಾಯಿಗಳ ಕಣ್ಣಿಗೆ ತಂಪಾಗಿ ಮಾಡಲಿ. ಆಮೀನ್.